ಪಾಲುಗಾರ ಪದಗಳು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ಮನುಷ್ಯ ಲ್ಯಾಟಿನ್ ವ್ಯಾಕರಣವನ್ನು ಓದುತ್ತಾನೆಂದರೆ ಅದಕ್ಕೆ ಏನಾದರೊಂದು ಸಮಜಾಯಿಷಿ ಕೊಡಬೇಕೆಂದು ಲೋಕ ನಿರೀಕ್ಷಿಸುತ್ತದೆ. ಅವನು ಜ್ಯೋತಿಷ ಕಲಿತರೆ ಯಾರೂ ಕೇಳುವುದಿಲ್ಲ; ಷೇರು ಪೇಟೆಯ ಏರಿಳಿತಗಳನ್ನು ಅಭ್ಯಾಸ ಮಾಡಿದರೆ ಜಾಣನೆನ್ನುತ್ತಾರೆ; ನಲವತ್ತು ದಾಟಿದ ಮೇಲೆ ಈಜು ಕಲಿಯಹೊರಟರೂ ಮೈಗೆ ಒಳ್ಳೆಯದೆಂದು ತಲೆದೂಗುತ್ತಾರೆ. ಆದರೆ ಲ್ಯಾಟಿನ್! “ಬದುಕಿರುವ ಕನ್ನಡದ ಪಾಡೇ ಹೀಗಿರುವಾಗ ಸತ್ತ ಭಾಷೆಯ ಜಾತಕ ನಿಮಗೇಕೆ ಸ್ವಾಮಿ?” ಎಂದು ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮಿತ್ರರು ಕೇಳುತ್ತಾರೆ. ಮನೆಯಲ್ಲಿ ನನ್ನಾಕೆ ಅಷ್ಟು ಕಟುವಾಗಿ ಕೇಳುವುದಿಲ್ಲ. “ರೋಮಿನವರ ವಿಭಕ್ತಿಗಳೆಲ್ಲ ಸರಿಹೋದ ಮೇಲೆ ನಮ್ಮ ಬಚ್ಚಲುಮನೆಯ ನಲ್ಲಿಯನ್ನೂ ಸ್ವಲ್ಪ ನೋಡಿ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ.

ಅರ್ಥಶಾಸ್ತ್ರದ ಮಿತ್ರರಿಗೆ ನಾನು ಕೊಡುವ ಉತ್ತರ ಒಂದೇ. “ಸತ್ತ ಭಾಷೆ” ಎಂದಿರಲ್ಲ, ಅದರಲ್ಲಿ ‘ಸತ್ತ’ ಎಂಬುದು ಏನು? ‘ಸಾಯು’ ಎಂಬ ಕ್ರಿಯೆಯಿಂದ ಹುಟ್ಟಿ, ‘ಭಾಷೆ’ ಎಂಬ ನಾಮಪದದ ಮುಂದೆ ವಿಶೇಷಣದಂತೆ ಬಂದು ನಿಂತಿದೆ. ಹುಟ್ಟಿದ್ದು ಒಂದು ಮನೆಯಲ್ಲಿ, ಬಾಳುವುದು ಇನ್ನೊಂದು ಮನೆಯಲ್ಲಿ. ನಮ್ಮ ವ್ಯಾಕರಣ ಇದನ್ನು ಕೃದಂತವೆಂದು ಕರೆಯುತ್ತದೆ. ನಾನು ರೋಮಿಗೆ ಹೋದದ್ದು ಈ ಜಾತಿಯ ಪದಗಳನ್ನು ಹುಡುಕಿಕೊಂಡೇ.

ಹೋಗಲು ಪ್ರೇರಣೆ ಕೊಟ್ಟವಳು ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ. ಅವಳು ಲೈಬ್ರರಿಯ ಯಾವುದೋ ಮೂಲೆಯಿಂದ ಕಿಟೆಲ್ ಸಾಹೇಬರು 1903ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣವನ್ನು ತೆಗೆದು ತಂದಿದ್ದಳು. ಅದರಲ್ಲಿ ‘ಮಾಡಿದ’, ‘ಮಾಡುವ’ಗಳಿಗೆ ‘ರಿಲೆಟಿವ್ ಪಾರ್ಟಿಸಿಪಲ್’ ಎಂದು ಹೆಸರು. “ಕೃತ್ ಪ್ರತ್ಯಯ ಕೊನೆಯಲ್ಲಿದ್ದರೆ ಕೃದಂತ, ಅದು ತಿಳಿಯಿತು ಸರ್. ಪಾರ್ಟಿಸಿಪಲ್ ಅಂದರೆ ಏನು?” ಎಂದಳು. ನಿಘಂಟನ್ನು ತೆರೆದರೆ ಅದು ಲ್ಯಾಟಿನ್ ಪದವೆಂದು ತಿಳಿಯಿತು. ಅಷ್ಟಕ್ಕೆ ತೃಪ್ತಿಪಟ್ಟುಕೊಂಡಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಆದರೆ ನಮ್ಮ ಬೀದಿಯ ಕೊನೆಯಲ್ಲಿ ಇಗರ್ಜಿ. ಇಗರ್ಜಿಯ ಹಿಂದೆ ಎರಡು ಕೋಣೆಯ ಮನೆ. ಆ ಮನೆಯಲ್ಲಿ ಎಂಬತ್ತರ ಅಂಚಿನಲ್ಲಿದ್ದ, ನಿವೃತ್ತರಾದ ಒಬ್ಬ ಪಾದ್ರಿಗಳು ಇದ್ದರು. ಅವರನ್ನು ಕೇಳೋಣವೆಂದು ಒಂದು ಸಂಜೆ ಹೋದೆ. ಹೋದವನು ಮೂರು ವರ್ಷ ಹೋಗುತ್ತಲೇ ಇದ್ದೆ.

ಫಾದರ್ ಹೇಳಿದ ಮೊದಲ ಪಾಠ ಆ ಹೆಸರಿನದೇ. ಲ್ಯಾಟಿನ್ನಿನಲ್ಲಿ ‘ಪಾರ್ಸ್’ ಎಂದರೆ ಪಾಲು. ‘ಕಾಪಿಯೋ’ ಎಂದರೆ ಹಿಡಿದುಕೊಳ್ಳುತ್ತೇನೆ, ತೆಗೆದುಕೊಳ್ಳುತ್ತೇನೆ. ಪಾಲನ್ನು ತೆಗೆದುಕೊಳ್ಳುವುದರಿಂದ ಅದು ‘ಪಾರ್ಟಿಕಿಪಿಯುಮ್’. ಯಾರಿಂದ ಯಾರ ಪಾಲು? ನಾಮಪದದಿಂದ ವಿಭಕ್ತಿ, ಲಿಂಗ, ವಚನಗಳನ್ನು ತೆಗೆದುಕೊಂಡಿತು. ಕ್ರಿಯಾಪದದಿಂದ ಕಾಲವನ್ನು ತೆಗೆದುಕೊಂಡಿತು. ಎರಡು ಮನೆಯ ಆಸ್ತಿಯಲ್ಲೂ ಪಾಲು ಪಡೆದ ಅದೃಷ್ಟಶಾಲಿ. ಗ್ರೀಕರು ಮೊದಲು ಇದಕ್ಕೆ ಪಾಲ್ಗೊಳ್ಳುವಿಕೆ ಎಂಬರ್ಥದ ಹೆಸರಿಟ್ಟಿದ್ದರು. ರೋಮನರು ಅದನ್ನೇ ತಮ್ಮ ಭಾಷೆಗೆ ತಿರುಗಿಸಿಕೊಂಡರು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ವಾರ್ರೋ ಎಂಬ ಪಂಡಿತ ಭಾಷೆಯ ಪದಗಳನ್ನೆಲ್ಲ ನಾಲ್ಕು ಬುಟ್ಟಿಗಳಿಗೆ ಹಾಕಿದ: ವಿಭಕ್ತಿಯುಳ್ಳವು, ಕಾಲವುಳ್ಳವು, ಎರಡೂ ಉಳ್ಳವು, ಎರಡೂ ಇಲ್ಲದವು. ಮೂರನೆಯ ಬುಟ್ಟಿಯೇ ನಮ್ಮ ಪಾಲುಗಾರ ಪದಗಳದು. ಮುಂದೆ ನಾಲ್ಕನೆಯ ಶತಮಾನದ ದೊನಾತುಸ್, ಕ್ರಿ.ಶ. 500ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಪಾಠ ಹೇಳುತ್ತಿದ್ದ ಪ್ರಿಸ್ಕಿಯನ್ ಮೊದಲಾದವರು ಎಂಟು ಬಗೆಯ ಪದಗಳನ್ನು ಎಣಿಸಿದಾಗಲೂ ಇದಕ್ಕೆ ಪ್ರತ್ಯೇಕ ಪೀಠವನ್ನೇ ಕೊಟ್ಟರು. ಯೂರೋಪಿನ ಮಕ್ಕಳು ಸಾವಿರ ವರ್ಷ ಈ ಎಂಟನ್ನು ಬಾಯಿಪಾಠ ಮಾಡಿದರು.

ಈಗ ಒಳಗಿನ ಕಥೆ. ಲ್ಯಾಟಿನ್ನಿನ ಒಂದು ಸಾಮಾನ್ಯ ಕ್ರಿಯೆಗೆ ನಾಲ್ಕು ಕೃದಂತಗಳು. ಲೋಕದ ವ್ಯಾಕರಣ ಪುಸ್ತಕಗಳೆಲ್ಲ ಪ್ರೀತಿಯಿಂದಲೇ ಪಾಠ ಪ್ರಾರಂಭಿಸುವುದು ಒಂದು ವಿಚಿತ್ರ. ಲ್ಯಾಟಿನ್ನಿನ ಮಾದರಿ ಕ್ರಿಯೆಯೂ ‘ಅಮಾರೆ’, ಪ್ರೀತಿಸುವುದು. ಅದರಿಂದ ‘ಅಮಾನ್ಸ್’ ಎಂದರೆ ಪ್ರೀತಿಸುತ್ತಿರುವ. ‘ಅಮಾತುಸ್’ ಎಂದರೆ ಪ್ರೀತಿಸಲ್ಪಟ್ಟ. ‘ಅಮಾತೂರುಸ್’ ಎಂದರೆ ಪ್ರೀತಿಸಲಿರುವ. ‘ಅಮಂದುಸ್’ ಎಂದರೆ ಪ್ರೀತಿಸತಕ್ಕ, ಪ್ರೀತಿಸಲೇಬೇಕಾದ. ಮಾಡುತ್ತಿರುವುದು, ಮಾಡಲ್ಪಟ್ಟದ್ದು, ಮಾಡಲಿರುವುದು, ಮಾಡತಕ್ಕದ್ದು. ಮನುಷ್ಯನ ಬಾಳನ್ನೆಲ್ಲ ಹರಡಿ ನೋಡಿದರೆ ಈ ನಾಲ್ಕು ಮೂಲೆಗಳ ಆಚೆಗೆ ಬೀಳುವುದು ಬಹಳವಿಲ್ಲ.

ಕಟ್ಟುವ ಕ್ರಮ ಸರಳ. ಧಾತುವಿನ ವರ್ತಮಾನ ರೂಪಕ್ಕೆ ‘ನ್ಸ್’ ಸೇರಿಸಿದರೆ ಮೊದಲನೆಯದು. ಗಣಕ್ಕೆ ತಕ್ಕಂತೆ ನಡುವಿನ ಸ್ವರ ಬದಲಾಗುತ್ತದೆ. ಎಚ್ಚರಿಸುವವನು ‘ಮೊನೇನ್ಸ್’, ಆಳುವವನು ‘ರೆಗೇನ್ಸ್’, ಕೇಳುವವನು ‘ಔದಿಯೇನ್ಸ್’. ನಾವು ಭಾಷಣದ ಸಭೆಯಲ್ಲಿ ಕರೆಯುವ ಆಡಿಯೆನ್ಸ್ ಈ ಕೊನೆಯ ಪದದ ಮಗಳು. ಅದೇ ವರ್ತಮಾನ ರೂಪಕ್ಕೆ ‘ಂದುಸ್’ ಸೇರಿಸಿದರೆ ನಾಲ್ಕನೆಯದು. ಎರಡನೆಯದಕ್ಕೆ ಮಾತ್ರ ‘ತುಸ್’ ಬೇಕು; ಅಲ್ಲಿಯೇ ಎಡವಟ್ಟು. ಬರೆ ಎಂಬರ್ಥದ ‘ಸ್ಕ್ರೀಬ್’ ಧಾತುವಿಗೆ ‘ತ’ಕಾರ ತಾಗಿದರೆ ‘ಸ್ಕ್ರಿಪ್ತುಸ್’. ಆಳು ಎಂಬರ್ಥದ ‘ರೆಗ್’ಗೆ ತಾಗಿದರೆ ‘ರೇಕ್ತುಸ್’. ಕಳಿಸು ಎಂಬರ್ಥದ ‘ಮಿತ್ತ್’ಗೆ ತಾಗಿದರೆ ತಕಾರವೇ ಕರಗಿ ‘ಮಿಸ್ಸುಸ್’. ನೋಡು ಎಂಬರ್ಥದ ‘ವಿದ್’ಗೆ ತಾಗಿದರೆ ‘ವೀಸುಸ್’. ಇದನ್ನು ಕಂಡು ಕನ್ನಡಿಗರು ನಗಬೇಕಾಗಿಲ್ಲ. ನಮ್ಮಲ್ಲಿ ನಗು ‘ನಕ್ಕ’ನಾಗುತ್ತದೆ, ಕೀಳು ‘ಕಿತ್ತ’ನಾಗುತ್ತದೆ, ಬೀಳು ‘ಬಿದ್ದ’ನಾಗುತ್ತದೆ, ಕೊಡು ‘ಕೊಟ್ಟ’ನಾಗುತ್ತದೆ. ಭೂತಕಾಲವನ್ನು ಮುಟ್ಟಿದ ಧಾತು ಎಲ್ಲ ಭಾಷೆಗಳಲ್ಲಿಯೂ ಸ್ವಲ್ಪ ಜಜ್ಜಿಹೋಗುತ್ತದೆಂದು ಕಾಣುತ್ತದೆ. ಮೂರನೆಯದಕ್ಕೆ ಹೊಸ ಶ್ರಮವಿಲ್ಲ. ಎರಡನೆಯದರ ‘ಉಸ್’ ತೆಗೆದು ‘ಊರುಸ್’ ಹಚ್ಚಿದರಾಯಿತು.

ಇನ್ನು ವಿಭಕ್ತಿ. ಎರಡು, ಮೂರು, ನಾಲ್ಕನೆಯ ಕೃದಂತಗಳು ಸಾಧು ಪ್ರಾಣಿಗಳು. ‘ಒಳ್ಳೆಯ’ ಎಂಬರ್ಥದ ‘ಬೊನುಸ್, ಬೊನಾ, ಬೊನುಮ್’ ಎಂಬ ವಿಶೇಷಣ ಯಾವ ದಾರಿ ಹಿಡಿಯುತ್ತದೋ ಅದೇ ದಾರಿಯಲ್ಲಿ ಬಾಲ ಹಿಡಿದು ನಡೆಯುತ್ತವೆ: ಪುಲ್ಲಿಂಗಕ್ಕೆ ಅಮಾತುಸ್, ಸ್ತ್ರೀಲಿಂಗಕ್ಕೆ ಅಮಾತಾ, ನಪುಂಸಕಕ್ಕೆ ಅಮಾತುಮ್. ಮೊದಲನೆಯ ‘ಅಮಾನ್ಸ್’ ಮಾತ್ರ ಬೇರೆ ಮಠಕ್ಕೆ ಸೇರಿದ್ದು. ಅದರ ಷಷ್ಠೀ ‘ಅಮಂತಿಸ್’. ಪ್ರಥಮೆಯಲ್ಲಿ ಅಡಗಿದ್ದ ತಕಾರ ಅಲ್ಲಿ ಹೊರಬರುತ್ತದೆ. ಚತುರ್ಥಿ ‘ಅಮಂತೀ’, ದ್ವಿತೀಯೆ ‘ಅಮಂತೆಮ್’. ಬಹುವಚನದಲ್ಲಿ ‘ಅಮಂತೇಸ್’, ‘ಅಮಂತಿಯುಮ್’, ‘ಅಮಂತಿಬುಸ್’. ಸಂಬೋಧನೆಯನ್ನು ಬಿಟ್ಟು ಐದು ವಿಭಕ್ತಿ, ಎರಡು ವಚನ, ಮೂರು ಲಿಂಗಗಳಿಗೆ ಮನೆ ಹಾಕಿದರೆ ಮೂವತ್ತು ಮನೆಗಳಾಗುತ್ತವೆ. ಫಾದರ್ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದು ನನ್ನಿಂದ ಇವನ್ನು ತುಂಬಿಸಿದರು. ತುಂಬಿಸಿ ನೋಡಿದರೆ ಮೂವತ್ತು ಮನೆಗಳಲ್ಲಿ ಬೇರೆ ಬೇರೆಯಾಗಿದ್ದ ರೂಪಗಳು ಒಂಬತ್ತೇ! “ನೋಡಿದಿರಾ ಮೇಷ್ಟ್ರೇ, ಬಡವರ ಮನೆಯ ಬಟ್ಟೆಯ ಹಾಗೆ. ಅಣ್ಣನದನ್ನೇ ತಮ್ಮ, ಅಕ್ಕ, ಎಲ್ಲರೂ ಉಡುತ್ತಾರೆ” ಎಂದು ಅವರು ನಕ್ಕರು. ಪ್ರೀತಿಸುವವನಾದರೂ ‘ಅಮಾನ್ಸ್’, ಪ್ರೀತಿಸುವವಳಾದರೂ ‘ಅಮಾನ್ಸ್’. ಪ್ರೀತಿಸಲ್ಪಟ್ಟ ಮೇಲೆಯೇ ಗಂಡು ಹೆಣ್ಣೆಂಬ ಭೇದ.

ಒಂದು ಮನೆಯಲ್ಲಿ ಮಾತ್ರ ಎರಡು ರೂಪಗಳು ವಾಸವಾಗಿವೆ. ತೃತೀಯೆ, ಪಂಚಮಿ, ಸಪ್ತಮಿ ಮೂರರ ಕೆಲಸವನ್ನೂ ಹೊತ್ತ ವಿಭಕ್ತಿಯೊಂದು ಲ್ಯಾಟಿನ್ನಿನಲ್ಲಿದೆ. ಅದರ ಏಕವಚನದಲ್ಲಿ ಪದ ನಿಜವಾದ ಕೃದಂತವಾಗಿಯೋ ನಾಮಪದವಾಗಿಯೋ ನಿಂತಿದ್ದರೆ ಕೊನೆಗೆ ‘ಎ’ ಬರುತ್ತದೆ. ಬರಿಯ ವಿಶೇಷಣವಾಗಿದ್ದರೆ ‘ಈ’ ಬರುತ್ತದೆ. ಬಲ್ಲವನೊಬ್ಬನಿಂದ ಎನ್ನುವಾಗ ‘ಸಾಪಿಯೆಂತೆ’. ವಿವೇಕದ ಸಲಹೆಯಿಂದ ಎನ್ನುವಾಗ ‘ಸಾಪಿಯೆಂತೀ’. ಒಂದು ಸ್ವರದ ಅಂತರದಲ್ಲಿ, ಆ ಪದ ಇನ್ನೂ ಕೆಲಸ ಮಾಡುತ್ತಿದೆಯೋ ಅಥವಾ ಗುಣವಾಗಿ ಹೆಪ್ಪುಗಟ್ಟಿ ಕೂತಿದೆಯೋ ಎಂಬುದು ತಿಳಿಯುತ್ತದೆ. ಅಧ್ಯಾಪಕರಿಗೂ ಇಂಥ ಎರಡು ವಿಭಕ್ತಿಪ್ರತ್ಯಯಗಳಿದ್ದರೆ ಎಷ್ಟು ಚೆನ್ನಾಗಿತ್ತು! ಇನ್ನೂ ಓದುತ್ತಿರುವವರು ಯಾರು, ಎಂದೋ ಓದಿ ಪಂಡಿತರೆಂಬ ವಿಶೇಷಣ ಹೊತ್ತು ಕುಳಿತವರು ಯಾರು ಎಂಬುದು ಹೆಸರು ಕೂಗಿದಾಗಲೇ ಗೊತ್ತಾಗಿಬಿಡುತ್ತಿತ್ತು.

‘ಸಾಪಿಯೇನ್ಸ್’ ಎಂಬುದು ಓದುಗರಿಗೆ ಹೊಸದಲ್ಲ. 1758ರಲ್ಲಿ ಲಿನೇಯಸ್ ಮನುಷ್ಯಜಾತಿಗೆ ‘ಹೋಮೋ ಸೇಪಿಯನ್ಸ್’ ಎಂದು ನಾಮಕರಣ ಮಾಡಿದ. ಅದರ ಮೂಲಧಾತುವಿಗೆ ರುಚಿ ನೋಡುವುದು, ತಿಳಿಯುವುದು ಎಂದು ಎರಡೂ ಅರ್ಥ. ನಮ್ಮ ‘ರಸಜ್ಞ’ ಎಂಬ ಪದದಲ್ಲಿ ಕೂಡ ನಾಲಗೆಯೂ ಬುದ್ಧಿಯೂ ಹೀಗೆಯೇ ಕೂಡಿಕೊಂಡಿವೆಯಲ್ಲವೆ? ಗಮನಿಸಬೇಕಾದದ್ದು, ಲಿನೇಯಸ್ ಇಟ್ಟ ಹೆಸರು ವರ್ತಮಾನ ಕೃದಂತ. ಮನುಷ್ಯ ತಿಳಿದವನಲ್ಲ, ತಿಳಿಯುತ್ತಿರುವವನು. ದಿನಪತ್ರಿಕೆಯ ಮೊದಲ ಪುಟ ಓದುವಾಗ ಈ ವ್ಯಾಕರಣ ಸೂಕ್ಷ್ಮ ಬಹಳ ಸಮಾಧಾನ ಕೊಡುತ್ತದೆ.

ಒಮ್ಮೆ ಈ ‘ಅನ್ಸ್, ಎನ್ಸ್’ಗಳ ಗುರುತು ಹತ್ತಿತೆಂದರೆ ಪೇಟೆಯಲ್ಲಿ ನಡೆಯುವುದೇ ಕಷ್ಟ. ಏಜೆಂಟ್ ಎಂದರೆ ‘ಮಾಡುತ್ತಿರುವವನು’. ಆಕ್ಟ್ ಎಂದರೆ ‘ಮಾಡಲ್ಪಟ್ಟದ್ದು’. ಅಜೆಂಡಾ ಎಂದರೆ ‘ಮಾಡತಕ್ಕವು’. ಮೂರೂ ‘ಆಗೋ’ ಎಂಬ ಒಂದೇ ಕ್ರಿಯೆಯ ಮಕ್ಕಳು. ಅಜೆಂಡಾ ಎಂಬುದು ನಮ್ಮ ‘ಕರ್ತವ್ಯ’ವೇ, ಸಂಸ್ಕೃತದ ಆ ‘ತವ್ಯ’ ಮಾಡುವ ಕೆಲಸವನ್ನೇ ಇಲ್ಲಿ ‘ಂದ’ ಮಾಡುತ್ತದೆ. ಆಸ್ಪತ್ರೆಯಲ್ಲಿ ಸಾಲುಗಟ್ಟಿ ಕುಳಿತ ಪೇಷಂಟ್ ‘ಸಹಿಸುತ್ತಿರುವವನು’. ಸಭೆಯ ಪ್ರೆಸಿಡೆಂಟ್ ‘ಮುಂದೆ ಕುಳಿತಿರುವವನು’. ರೇಖಾಗಣಿತದ ಟ್ಯಾಂಜೆಂಟ್ ‘ಮುಟ್ಟುತ್ತಿರುವುದು’, ಸೀಕೆಂಟ್ ‘ಕತ್ತರಿಸುತ್ತಿರುವುದು’. ಅಡ್ವೊಕೇಟ್ ‘ಕರೆಯಲ್ಪಟ್ಟವನು’. ಕರೆಯದೆ ಬರುವವರೂ ಉಂಟೆಂದು ನನ್ನ ವಕೀಲ ಮಿತ್ರರು ಒಪ್ಪುತ್ತಾರೆ. ಪರದೇಶಕ್ಕೆ ಹೊರಟವರು ಹಗಲಿರುಳು ಜಪಿಸುವ ವೀಸಾ ಎಂದರೆ ‘ನೋಡಲ್ಪಟ್ಟದ್ದು’. ನಮ್ಮ ಕಚೇರಿಯ ಗುಮಾಸ್ತರು ಕಾಗದದ ಮೂಲೆಯಲ್ಲಿ ‘ನೋಡಿದೆ’ ಎಂದು ರುಜು ಹಾಕುವುದಕ್ಕಿಂತ ಹೆಚ್ಚಿನದು ಅದರಲ್ಲಿಲ್ಲ. ಮಂಗಳೂರಿನ ಕಡೆಯ ವಿನ್ಸೆಂಟ್ ‘ಗೆಲ್ಲುತ್ತಿರುವವನು’, ಬೆನೆಡಿಕ್ಟ್ ‘ಒಳ್ಳೆಯ ಮಾತಾಡಿಸಿಕೊಂಡವನು’ ಅಂದರೆ ಹರಸಲ್ಪಟ್ಟವನು. ಹೈಸ್ಕೂಲಿನಲ್ಲಿ ಪ್ರಮೇಯವನ್ನು ಹೇಗೋ ಮುಗಿಸಿ ನಿಟ್ಟುಸಿರಿನೊಡನೆ ಬರೆಯುತ್ತಿದ್ದ ಕ್ಯೂ.ಇ.ಡಿ.ಯಲ್ಲಿ ‘ಡಿ’ ಎಂಬುದು ‘ಸಾಧಿಸಿ ತೋರಿಸತಕ್ಕದ್ದು’ ಎಂಬರ್ಥದ ನಾಲ್ಕನೆಯ ಕೃದಂತ. ಸ್ಟೂಡೆಂಟ್ ಎಂದರೆ ‘ಆಸಕ್ತಿಯಿಂದ ತೊಡಗಿರುವವನು’. ಈ ಒಂದು ವ್ಯುತ್ಪತ್ತಿಯನ್ನು ನಾನು ತರಗತಿಯಲ್ಲಿ ಹೇಳುವ ಧೈರ್ಯ ಮಾಡಿಲ್ಲ.

ಆದರೆ ಹಾಜರಿ ಕರೆಯುವಾಗ ನನಗೆ ಈಗ ಬೇಸರವಾಗುವುದಿಲ್ಲ. ‘ಇರು’ ಎಂಬರ್ಥದ ಲ್ಯಾಟಿನ್ ಕ್ರಿಯೆಗೆ ಪ್ರಾಚೀನ ಲೇಖಕರಲ್ಲಿ ವರ್ತಮಾನ ಕೃದಂತವೇ ಬಳಕೆಯಲ್ಲಿಲ್ಲ. ‘ಇರುವವನು’ ಎಂದು ಒಂಟಿಯಾಗಿ ಹೇಳಲು ಸಿಸೆರೋವಿನಂಥ ವಾಗ್ಮಿಗೂ ಪದವಿರಲಿಲ್ಲ. ಉಪಸರ್ಗದ ನೆರಳಿನಲ್ಲಿ ಮಾತ್ರ ಅದು ಬದುಕಿಕೊಂಡಿತು: ಎದುರಿಗಿರುವವನು ‘ಪ್ರೈಸೇನ್ಸ್’, ದೂರವಿರುವವನು ‘ಅಬ್ಸೇನ್ಸ್’. “ಪ್ರೆಸೆಂಟ್ ಸಾರ್” ಎಂದು ಹಿಂದಿನ ಬೆಂಚಿನಿಂದ ಕೂಗುವ ಹುಡುಗ ಎರಡು ಸಾವಿರ ವರ್ಷ ಹಳೆಯ ಆ ಅವಶೇಷವನ್ನು ಕೈಯಲ್ಲಿ ಹಿಡಿದು ತೋರಿಸುತ್ತಿದ್ದಾನೆ. ಬರಿದೆ ಇರುವುದು ಸಾಲದು, ಯಾರದಾದರೂ ಎದುರಿಗೆ ಇರಬೇಕು, ಇಲ್ಲವೆ ಯಾರಿಂದಲಾದರೂ ದೂರವಿರಬೇಕು ಎಂದು ಆ ಭಾಷೆಗೆ ತೋರಿತೋ ಏನೋ!

ಇಲ್ಲಿ ನಮಗೆ ಮನೆಯ ನೆಂಟಸ್ತನವೊಂದು ಸಿಕ್ಕುತ್ತದೆ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತಾಡುತ್ತ ಸರ್ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ತಾಯಿಯ ಮಕ್ಕಳಿರಬೇಕೆಂದು ಸೂಚಿಸಿದ ಸಂಗತಿ ಪ್ರಸಿದ್ಧವಾದದ್ದು. ಆ ನೆಂಟಸ್ತನ ಎದ್ದು ಕಾಣುವ ಜಾಗಗಳಲ್ಲಿ ಕೃದಂತವೂ ಒಂದು. ಸಂಸ್ಕೃತದಲ್ಲಿ ‘ಹೊರುತ್ತಿರುವವನನ್ನು’ ಎನ್ನಲು ‘ಭರಂತಮ್’; ಲ್ಯಾಟಿನ್ನಿನಲ್ಲಿ ‘ಫೆರೆಂತೆಮ್’. ಅಲ್ಲಿ ‘ಜ್ಞಾತ’, ಇಲ್ಲಿ ‘ನೋತುಸ್’. ಅಲ್ಲಿ ‘ದತ್ತ’, ಇಲ್ಲಿ ‘ದತುಸ್’. ಈ ಕೊನೆಯದರ ನಪುಂಸಕ ಬಹುವಚನವೇ ಡೇಟಾ. ಕಂಪ್ಯೂಟರಿನ ಕಾಲದಲ್ಲಿ ಅದಕ್ಕೊಂದು ಕನ್ನಡ ಪದ ಬೇಕಾದಾಗ ನಮ್ಮವರು ‘ದತ್ತಾಂಶ’ ಎಂದರು. ಸಾವಿರಾರು ವರ್ಷ ಅಗಲಿದ್ದ ಅಕ್ಕತಂಗಿಯರನ್ನು ಮತ್ತೆ ಒಂದೇ ಮಣೆಯ ಮೇಲೆ ಕೂಡಿಸಿದಂತಾಯಿತು.

ನೆಂಟಸ್ತನದಲ್ಲಿ ಎಚ್ಚರವೂ ಬೇಕು. ‘ಸಂತ’ ಎಂದೊಡನೆ ‘ಸೇಂಟ್’ ನೆನಪಾಗಿ ಇವೆರಡೂ ಒಂದೇ ಎಂದು ಯಾರಿಗಾದರೂ ತೋರುತ್ತದೆ. ಎರಡೂ ಕೃದಂತಗಳೇ, ಆದರೆ ಬೇರೆ ಬೇರೆ ಮನೆಯವು. ನಮ್ಮ ಸಂತ ‘ಸತ್’, ಅಂದರೆ ಇರುವವನು, ನಿಜವಾಗಿ ಇರುವವನು. ‘ಅಸ್’ ಧಾತುವಿನ ವರ್ತಮಾನ ಕೃದಂತ. ಅವರ ಸೇಂಟ್ ‘ಸಾಂಕ್ತುಸ್’, ಪವಿತ್ರಗೊಳಿಸಲ್ಪಟ್ಟವನು; ಬೇರೊಂದು ಧಾತುವಿನ ಭೂತ ಕೃದಂತ. ಹಾಗಾದರೆ ನಮ್ಮ ‘ಸತ್’ ಎಂಬುದಕ್ಕೆ ರೋಮಿನಲ್ಲಿ ನಿಜವಾದ ಸಂಬಂಧಿ ಯಾರು? ‘ಸೋನ್ಸ್’ ಎಂಬ ಹಳೆಯ ಪದ. ಅದರ ಅರ್ಥ ‘ಅಪರಾಧಿ’! “ಹೌದು, ಅವನೇ ಇವನು” ಎಂದು ಬೆರಳು ಮಾಡಿ ತೋರಿಸಲ್ಪಟ್ಟವನು. ‘ಇರುವವನು’ ಎಂಬ ಒಂದೇ ಪದ ಇಲ್ಲಿ ಸತ್ಪುರುಷನಾಯಿತು, ಅಲ್ಲಿ ಕಟಕಟೆಯಲ್ಲಿ ನಿಂತಿತು. ಇದನ್ನು ಕೇಳಿ ಫಾದರ್ ಬಹಳ ಹೊತ್ತು ಸುಮ್ಮನಿದ್ದು, “ಎರಡೂ ಸರಿಯೇ ಮೇಷ್ಟ್ರೇ, ಇರುವವನಲ್ಲಿ ಇಬ್ಬರೂ ಇರುತ್ತಾರೆ” ಎಂದರು.

ಮೂರನೆಯ ಮತ್ತು ನಾಲ್ಕನೆಯ ಕೃದಂತಗಳಿಗೆ ರೋಮಿನ ಚರಿತ್ರೆಯಲ್ಲಿ ಒಂದೊಂದು ದೊಡ್ಡ ಕಥೆಯಿದೆ. ಕ್ರಿ.ಶ. 52ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಫೂಕಿನುಸ್ ಎಂಬ ಸರೋವರದ ಮೇಲೆ ಒಂದು ಅಣಕು ನೌಕಾಯುದ್ಧವನ್ನು ಏರ್ಪಡಿಸಿದ. ಅಣಕು ನೋಡುವವರಿಗೆ, ಕಾದುವವರು ಶಿಕ್ಷೆಗೊಳಗಾದ ಖೈದಿಗಳು, ಅವರ ಸಾವು ನಿಜವಾದದ್ದು. ಅವರು ‘ಮೊರಿತೂರಿ’ಗಳು, ಸಾಯಲಿರುವವರು, ಎಂದು ಹೇಳಿಕೊಂಡು ಚಕ್ರವರ್ತಿಗೆ ವಂದಿಸಿದರೆಂದು ಸ್ವೆಟೋನಿಯಸ್ ಬರೆದಿದ್ದಾನೆ. ಅದಕ್ಕೆ ಕ್ಲಾಡಿಯಸ್ “ಅಥವಾ ಅಲ್ಲದೆಯೂ ಇರಬಹುದು” ಎಂಬರ್ಥದ ಎರಡೇ ಮಾತು ಆಡಿದ. ಅದೇ ತಪ್ಪಾಯಿತು. ಕ್ಷಮೆ ಸಿಕ್ಕಿತೆಂದು ತಿಳಿದು ಅವರೆಲ್ಲ ಕಾದಲೊಲ್ಲೆವೆಂದು ನಿಂತುಬಿಟ್ಟರು. ಕೊನೆಗೆ ಚಕ್ರವರ್ತಿ ಬೆದರಿಸಿ, ಪುಸಲಾಯಿಸಿ ಹೋರಾಡಿಸಬೇಕಾಯಿತು. ರಕ್ತ ಬೇಕಾದಷ್ಟು ಹರಿದ ಮೇಲೆ ಉಳಿದವರನ್ನು ಬಿಟ್ಟರೆಂದು ಟ್ಯಾಸಿಟಸ್ ಹೇಳುತ್ತಾನೆ. ಸಾಯಲಿರುವವರು ಎಂಬ ಕೃದಂತದಲ್ಲಿ ಒಂದು ಸಣ್ಣ ಬಾಗಿಲು ತೆರೆದೇ ಇತ್ತು. ಆ ಬಡವರು ವ್ಯಾಕರಣವನ್ನು ಸರಿಯಾಗಿಯೇ ಓದಿಕೊಂಡಿದ್ದರು.

ನಾಲ್ಕನೆಯದರಲ್ಲಿ ಬಾಗಿಲಿಲ್ಲ. ಮುದುಕ ಕೇಟೋ ರೋಮಿನ ಸೆನೆಟ್ಟಿನಲ್ಲಿ ಯಾವ ವಿಷಯ ಮಾತಾಡಿದರೂ ಕೊನೆಗೆ ಕಾರ್ಥೇಜ್ ನಗರ ‘ದೇಲೆಂದಾ’, ಅಳಿಸಿಹಾಕತಕ್ಕದ್ದು, ಎಂದೇ ಮುಗಿಸುತ್ತಿದ್ದನಂತೆ. ನಗರ ಸ್ತ್ರೀಲಿಂಗವಾದ್ದರಿಂದ ಕೃದಂತವೂ ಸ್ತ್ರೀಲಿಂಗ. ಕ್ರಿಸ್ತಪೂರ್ವ 149ರಲ್ಲಿ ಯುದ್ಧ ಆರಂಭವಾಯಿತು. ಅದೇ ವರ್ಷ ಕೇಟೋ ತೀರಿಕೊಂಡ. 146ರಲ್ಲಿ ಕಾರ್ಥೇಜ್ ಸುಟ್ಟು ಬೂದಿಯಾಯಿತು. ಒಂದು ಅಕ್ಷರಗುಚ್ಛ ಬದಲಾಗಿ ‘ದೇಲೆಂದಾ’ ಎಂಬುದು ‘ದೇಲೇತಾ’ ಎಂದಾಯಿತು; ಅಳಿಸತಕ್ಕದ್ದು ಅಳಿಸಲ್ಪಟ್ಟಿತು. ಇಂದು ನಾವು ಬೇಡದ ಕಾಗದವನ್ನು ಅಳಿಸಲು ಒತ್ತುವ ಡಿಲೀಟ್ ಗುಂಡಿ ಆ ಪದದ್ದೇ. ‘ತಕ್ಕದ್ದು’ ಎಂಬ ಪ್ರತ್ಯಯ ಹೇಳುವ ನಾಲಗೆಗೆ ಎಷ್ಟು ಹಗುರ, ಕೇಳುವ ಊರಿಗೆ ಎಷ್ಟು ಭಾರ! 1622ರಲ್ಲಿ ರೋಮಿನ ಪೋಪರು ಧರ್ಮಪ್ರಸಾರಕ್ಕೆಂದು ಸ್ಥಾಪಿಸಿದ ಮಂಡಲಿಯ ಹೆಸರಿನಲ್ಲಿ ‘ಹರಡತಕ್ಕ’ ಎಂಬರ್ಥದ ‘ಪ್ರೋಪಾಗಂದಾ’ ಇತ್ತು. ಅದು ಮುಂದೆ ಯಾವ ಯಾವ ರಾಜ್ಯಗಳ ಕೈಗೆ ಸಿಕ್ಕಿ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ.

ಇಷ್ಟೆಲ್ಲ ಶ್ರೀಮಂತವಾದ ಈ ನಾಲ್ಕರ ಚೌಕದಲ್ಲಿ ಒಂದು ದೊಡ್ಡ ಬಿರುಕಿದೆ. ಪ್ರೀತಿಸುತ್ತಿರುವವನಿಗೆ ಪದವಿದೆ, ಪ್ರೀತಿಸಲಿರುವವನಿಗೆ ಪದವಿದೆ, ಪ್ರೀತಿಸಲ್ಪಟ್ಟವನಿಗೆ ಪದವಿದೆ. ‘ಪ್ರೀತಿಸಿದವನು’ ಎಂಬುದಕ್ಕೆ ಪದವಿಲ್ಲ. ಭೂತಕಾಲದಲ್ಲಿ ಕರ್ತರಿ ಕೃದಂತವನ್ನು ಲ್ಯಾಟಿನ್ ಕಟ್ಟಲೇ ಇಲ್ಲ. ಗ್ರೀಕಿನಲ್ಲಿದೆ; ಸಂಸ್ಕೃತದಲ್ಲಿ ‘ಕೃತವಾನ್’ ಎಂಬಂಥವು ಇವೆ. ಕನ್ನಡಕ್ಕಂತೂ ಈ ತಾಪತ್ರಯವೇ ಇಲ್ಲ. ‘ಓದಿದ ಹುಡುಗ’ ಎಂದರೂ ಸರಿ, ‘ಓದಿದ ಪುಸ್ತಕ’ ಎಂದರೂ ಸರಿ. ಓದಿದ್ದು ಯಾರು, ಓದಿಸಿಕೊಂಡದ್ದು ಯಾವುದು ಎಂಬುದನ್ನು ಕೇಳುವವನ ವಿವೇಕಕ್ಕೆ ಬಿಟ್ಟು ‘ಓದಿದ’ ಎಂಬ ಒಂದೇ ರೂಪ ಇಬ್ಬರ ಸೇವೆಯನ್ನೂ ಮಾಡುತ್ತದೆ. ಹಿಂದೆ ಬರುವುದು ಗಂಡೋ ಹೆಣ್ಣೋ ಒಂದೋ ನೂರೋ ಎಂದು ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಸಾಲದೆಂಬಂತೆ ‘ಓದದ’ ಎಂಬ ನಿಷೇಧ ಕೃದಂತವೂ ನಮಗಿದೆ. ಪರೀಕ್ಷೆಯ ಕಾಲದಲ್ಲಿ ಅದಕ್ಕೆ ತುಂಬಾ ಕೆಲಸ.

ಬಿರುಕನ್ನು ಮುಚ್ಚಲು ರೋಮನರು ಕಂಡುಕೊಂಡ ಉಪಾಯ ಜಾಣತನದ್ದು. ಸೇನಾಪತಿ ನಗರವನ್ನು ಹಿಡಿದು ಹಿಂದಿರುಗಿದ ಎಂದು ಹೇಳಬೇಕು. ‘ಹಿಡಿದವನು’ ಎನ್ನಲು ಕೃದಂತವಿಲ್ಲ. ಆದ್ದರಿಂದ ‘ಉರ್ಬೆ ಕಪ್ತಾ’, ಅಂದರೆ ‘ನಗರವು ಹಿಡಿಯಲ್ಪಟ್ಟಿರಲಾಗಿ’, ಸೇನಾಪತಿ ಹಿಂದಿರುಗಿದ ಎಂದರು. ನಗರ, ಕೃದಂತ ಎರಡನ್ನೂ ಅದೇ ಮೂರು ಕೆಲಸದ ವಿಭಕ್ತಿಯಲ್ಲಿಟ್ಟು ವಾಕ್ಯದಿಂದ ಬಿಡಿಸಿ ಪಕ್ಕಕ್ಕೆ ನಿಲ್ಲಿಸಿದರು. ಸಂಸ್ಕೃತ ಓದಿದವರಿಗೆ ಇದು ಸತಿ ಸಪ್ತಮಿಯ ತಮ್ಮನೆಂದು ಥಟ್ಟನೆ ಹೊಳೆಯುತ್ತದೆ. ಎರಡು ಪದಗಳಲ್ಲಿ ಒಂದು ಮುತ್ತಿಗೆಯನ್ನೇ ಮುಗಿಸಬಹುದಾದ ಈ ಬಿಗಿಯನ್ನು ರೋಮಿನ ಇತಿಹಾಸಕಾರರು ಮನಸಾರೆ ಬಳಸಿದ್ದಾರೆ. ಆದರೆ ಒಂದನ್ನು ಗಮನಿಸಬೇಕು: ಹಿಡಿದವರು ಯಾರು? ವಾಕ್ಯ ಹೇಳುವುದಿಲ್ಲ. ಸೇನಾಪತಿಯೋ, ಅವನ ಹೆಸರಿಲ್ಲದ ಕಾಲಾಳುಗಳೋ, ಹಸಿವೋ? ‘ಹಿಡಿಯಲ್ಪಟ್ಟಿತು’, ಅಷ್ಟೆ. ನಮ್ಮ ಕಚೇರಿಗಳ ‘ಕ್ರಮ ಕೈಗೊಳ್ಳಲಾಗಿದೆ’, ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಕನ್ನಡವನ್ನು ಓದಿದಾಗಲೆಲ್ಲ ನನಗೆ ‘ಉರ್ಬೆ ಕಪ್ತಾ’ ನೆನಪಾಗುತ್ತದೆ. ರೋಮನರಿಗಾದರೋ ಪದವಿರಲಿಲ್ಲ, ಇವರಿಗೆ ಇದ್ದೂ ಬೇಕಾಗಿಲ್ಲ.

ಈ ನಿಯಮಕ್ಕೆ ಒಂದು ಪುಟ್ಟ ಗುಂಪಿನ ಕ್ರಿಯೆಗಳು ಮಾತ್ರ ಹೊರತು. ಅವುಗಳ ರೂಪ ಕರ್ಮಣಿ, ಅರ್ಥ ಕರ್ತರಿ. ಕರ್ಮಣಿಯ ಅರ್ಥವನ್ನು ‘ಕೆಳಗಿಟ್ಟ’ ಕಾರಣ ಅವನ್ನು ‘ಡಿಪೋನೆಂಟ್’ ಕ್ರಿಯೆಗಳೆನ್ನುತ್ತಾರೆ. ನಮ್ಮ ನ್ಯಾಯಾಲಯಗಳ ಅಫಿಡವಿಟ್ಟಿನ ಅಡಿಯಲ್ಲಿ ರುಜು ಹಾಕುವ ಡಿಪೋನೆಂಟನೂ ಹೇಳಿಕೆಯನ್ನು ಹೀಗೆಯೇ ‘ಇಡುತ್ತಿರುವವನು’. ಈ ಗುಂಪಿನ ಕೃದಂತಗಳು ಮಾತ್ರ ‘ಮಾಡಿದವನು’ ಎಂದು ಎದೆ ತಟ್ಟಿ ಹೇಳಬಲ್ಲವು. ಯಾವ ಯಾವುವು ಆ ಭಾಗ್ಯಶಾಲಿಗಳು? ‘ನಾತುಸ್’, ಹುಟ್ಟಿದವನು. ‘ಲೊಕೂತುಸ್’, ಮಾತಾಡಿದವನು. ‘ಪ್ರೊಫೆಕ್ತುಸ್’, ಹೊರಟವನು. ‘ಸೆಕೂತುಸ್’, ಹಿಂಬಾಲಿಸಿದವನು. ‘ಪಾಸ್ಸುಸ್’, ನೋವುಂಡವನು. ‘ಮೊರ್ತುವುಸ್’, ಸತ್ತವನು. ಹುಟ್ಟಿದವನಿಗೆ, ಮಾತಾಡಿದವನಿಗೆ, ಹೊರಟವನಿಗೆ, ನೋವುಂಡು ಸತ್ತವನಿಗೆ ಪದವುಂಟು. ಕೊಟ್ಟವನಿಗಿಲ್ಲ, ಕೊಟ್ಟ ವಸ್ತುವಿಗುಂಟು. ಬರೆದವನಿಗಿಲ್ಲ, ಬರೆದದ್ದಕ್ಕುಂಟು.

ಫಾದರ್ ಲ್ಯಾಟಿನ್ ಕಲಿತದ್ದು 1950ರ ದಶಕದಲ್ಲಿ, ಸೆಮಿನರಿಯಲ್ಲಿ, ಹದಿನಾರನೆಯ ವಯಸ್ಸಿನಿಂದ. ವ್ಯಾಕರಣ, ತರ್ಕ, ವೇದಾಂತ ಎಲ್ಲವೂ ಅದರಲ್ಲಿಯೇ. ಅವರು ಪಾದ್ರಿಗಳಾಗುವ ಹೊತ್ತಿಗೆ ಸರಿಯಾಗಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. 1963ರ ಅದರ ತೀರ್ಮಾನದಿಂದ ಬಲಿಪೂಜೆಗೆ ಆಯಾ ನಾಡಿನ ಭಾಷೆಗಳು ಬಂದವು. ಅವರಿಗೆ ಅದರಲ್ಲಿ ದುಃಖವಿರಲಿಲ್ಲ. “ಜನಕ್ಕೆ ತಿಳಿಯಬೇಕಲ್ಲ ಮೇಷ್ಟ್ರೇ. ನಮ್ಮ ತಾಯಿಗೆ ಒಂದು ಪದವೂ ತಿಳಿಯುತ್ತಿರಲ್ಲಿಲ್ಲ, ಸುಮ್ಮನೆ ಜಪಸರ ಎಣಿಸುತ್ತಿದ್ದರು” ಎನ್ನುವರು. ಆದರೂ ಎಂಟು ಹತ್ತು ವರ್ಷ ಉಜ್ಜಿ ಹೊಳಪು ಮಾಡಿದ ಪಾತ್ರೆಯನ್ನು ಅಟ್ಟಕ್ಕೆ ಏರಿಸಿ ಐವತ್ತು ವರ್ಷ ಸುಮ್ಮನಿದ್ದವರು ಅವರು. ಮೂವತ್ತು ಮನೆಗಳ ಪಟ್ಟಿಯನ್ನು ಒಂದು ಕನ್ನಡದ ಮೇಷ್ಟರ ಮುಂದೆ ಹರಡಿದಾಗ ಅವರ ಮುಖದಲ್ಲಿ ಕಂಡ ಬೆಳಕು ಪಾತ್ರೆಯದೋ, ಅದನ್ನು ಇಳಿಸಿದ ಕೈಯದೋ ನಾನು ಹೇಳಲಾರೆ. ಫೀಜಿನ ಮಾತೆತ್ತಿದ್ದಕ್ಕೆ ಒಮ್ಮೆ ಗದರಿದರು. ಬಾಳೆಹಣ್ಣು ತಂದರೆ ಮಾತ್ರ ಬೇಡವೆನ್ನುತ್ತಿರಲಿಲ್ಲ.

ಈ ಬಿರುಕಿನ ಪಾಠವನ್ನು ಅವರು ಹೇಳಿದ್ದು ಕೊನೆಯ ವರ್ಷದಲ್ಲಿ. ಕಲಿಸು ಎಂಬರ್ಥದ ‘ದೊಕೇರೆ’ ಕ್ರಿಯೆಯನ್ನು ತೆಗೆದುಕೊಂಡು ನಾಲ್ಕು ಕೃದಂತಗಳನ್ನೂ ಹೇಳಿಸಿದರು. ದೊಕೇನ್ಸ್, ಕಲಿಸುತ್ತಿರುವವನು. ದೊಕ್ತುಸ್, ಕಲಿಸಲ್ಪಟ್ಟವನು. ದೊಕ್ತೂರುಸ್, ಕಲಿಸಲಿರುವವನು. ದೊಕೆಂದುಸ್, ಕಲಿಸತಕ್ಕವನು. “ಹಾಗಾದರೆ ಕಲಿಸಿ ಮುಗಿಸಿದವರನ್ನು ಏನೆನ್ನುತ್ತೀರಿ ಫಾದರ್?” ಎಂದು ಕೇಳಿದೆ. “ಏನೂ ಅನ್ನುವುದಿಲ್ಲ. ಕಲಿತವನನ್ನು ತೋರಿಸುತ್ತೇವೆ, ಅಷ್ಟೆ. ಆ ಭಾಷೆಗೆ ಅದೇ ಸಾಕೆನ್ನಿಸಿದೆ” ಎಂದರು.

ಅವರು ತೀರಿಕೊಂಡದ್ದು 2019ರಲ್ಲಿ. ‘ಮೊರ್ತುವುಸ್’ ಎಂಬ ಪದವನ್ನು ಲ್ಯಾಟಿನ್ ಅವರಿಗೆ ಕೊಡಬಲ್ಲದು. ‘ಕಲಿಸಿದವರು’ ಎಂಬುದನ್ನು ಕೊಡಲಾರದು. ಅವರು ಹೇಳಿದ ಪ್ರಕಾರ ಇನ್ನು ತೋರಿಸಬೇಕಾದದ್ದು ‘ದೊಕ್ತುಸ್’ ಒಬ್ಬನನ್ನೇ, ಕಲಿಸಲ್ಪಟ್ಟವನನ್ನು. ಆ ರೂಪದ ಭಾರ ಈಗ ನನ್ನ ಮೇಲೆ ಬಿದ್ದಿದೆ. ಕಲಿತದ್ದನ್ನು ಯಾರಿಗಾದರೂ ದಾಟಿಸುವವರೆಗೆ ಅದು ಇಳಿಯುವಂಥದಲ್ಲ. ಆದರೆ ನಾನು ಕನ್ನಡದವನು. ಸುಮ್ಮನೆ ನನ್ನನ್ನು ತೋರಿಸಿಕೊಂಡು ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಭಾಷೆಯಲ್ಲಿ ಆ ಪದ ಇದೆ. ಅದನ್ನು ಬಹುವಚನದಲ್ಲಿ, ಗೌರವದಿಂದ, ಬೇಕಾದಷ್ಟು ಸಲ ಹೇಳಬಹುದು: ನನಗೆ ಕಲಿಸಿದವರು.